ದೇವದುರ್ಗದ ಒಲೆಗೆ ಯಾವ ಉರುವಲು ಸೋವಿ?

ಮನೆ ಬೆಚ್ಚಗಿಡುವುದಕ್ಕೂ ದುಡ್ಡು ಬೇಕು ಎಂದರೆ ರಾಯಚೂರು ಜಿಲ್ಲೆಯ ದೇವದುರ್ಗದ ಕಡೆಯವರು ನಕ್ಕಾರು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವ ಸೀಮೆ ಇದು. ಡಿಸೆಂಬರ್, ಜನವರಿಯ ರಾತ್ರಿ 15ರ ಕೆಳಗೆ ಇಳಿದರೆ ಕೌದಿ ಹೊದ್ದು ಮಲಗುತ್ತಾರೆ. ನಸುಕಿನಲ್ಲಿ ಕಟ್ಟೆಯ ಮುಂದೆ ಒಂದಿಷ್ಟು ಹತ್ತಿ ಕಟ್ಟಿಗೆ ಹಚ್ಚಿ ಕೈಕಾಲು ಕಾಸಿಕೊಳ್ಳುತ್ತಾರೆ. ಚಳಿಯ ಖರ್ಚು ಅಲ್ಲಿಗೆ ಮುಗಿಯಿತು. ಚಳಿ ದೇಶಗಳಲ್ಲಿ ಹಾಗಲ್ಲ. ಉಕ್ರೇನ್ ಯುದ್ಧದಿಂದ ಯುರೋಪಿನಲ್ಲಿ ಅನಿಲದ ಬೆಲೆ ಹಾರಿದ 2022ರಲ್ಲಿ ಬ್ರಿಟನ್ ಸರ್ಕಾರ ಸಾಧಾರಣ ಮನೆಯೊಂದರ ವರ್ಷದ ವಿದ್ಯುತ್ ಮತ್ತು ಅನಿಲದ ಬಿಲ್ಲು 2,500 ಪೌಂಡ್ ದಾಟದಂತೆ ದರ ಕಟ್ಟಿಹಾಕಬೇಕಾಯಿತು. ಊಟಕ್ಕೆ ಖರ್ಚು ಮಾಡುವುದೋ, ಕೋಣೆ ಕಾಯಿಸುವುದೋ ಎಂಬ ಪ್ರಶ್ನೆ ಅಲ್ಲಿನ ಬಡವರದು. ರಾಯಚೂರು ಜಿಲ್ಲೆಯಲ್ಲಿ ಆ ಎರಡೂ ಒಂದೇ ಒಲೆಯಲ್ಲಿ ಕೂತಿವೆ. ಜೋಳ ಬಂದರೂ ಅಕ್ಕಿ ಬಂದರೂ ಅದು ಬೇಯಲು ಉರಿ ಬೇಕು, ಹೊಲದಿಂದ ಮೈತುಂಬ ಧೂಳು ಹೊತ್ತು ಬಂದವರ ಜಳಕಕ್ಕೆ ಬಿಸಿನೀರು ಬೇಕು. ಇಲ್ಲಿ ಇಂಧನದ ಖರ್ಚೆಂದರೆ ಅಡುಗೆ ಒಲೆ ಮತ್ತು ನೀರೊಲೆಯ ಖರ್ಚು. ಅದರಲ್ಲಿ ನಿಜವಾಗಿ ಯಾವುದು ಸೋವಿ, ಯಾವುದು ತುಟ್ಟಿ ಎಂದು ಒಂದೊಂದನ್ನೇ ತೂಗಿ ನೋಡುವ ಪ್ರಯತ್ನ ಈ ಲೇಖನ.

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ದೇವದುರ್ಗ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿತ್ತು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಒಂದಷ್ಟು ಹೊಲಗಳಿಗೆ ಹರಿಯಿತು. ಆದರೂ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವರ ಸಂಖ್ಯೆ ಕಡಿಮೆಯೇನಲ್ಲ. ಬೆಂಗಳೂರು, ಹೈದರಾಬಾದು, ಪುಣೆಯ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಸೆಂಟ್ರಿಂಗ್ ಹಲಗೆಯ ಚೂರಿನಲ್ಲಿ ಅನ್ನ ಬೇಯಿಸುವವರಲ್ಲಿ ಈ ಭಾಗದವರು ಬಹಳ. ಊರಿನಲ್ಲಿ ಉಳಿದವರಿಗೂ ಪೇಟೆಯ ಬಿಸಿ ತಪ್ಪಿದ್ದಲ್ಲ. ಜೋಳದ ನೆಲ ಹತ್ತಿಗೆ, ನೆಲ್ಲಿಗೆ ಹೋದ ಮೇಲೆ ಜೋಳವೇ ಕೊಂಡು ತರುವ ಸಾಮಾನಾಗಿದೆ. 2023ರಲ್ಲಂತೂ ಅದರ ಬೆಲೆ ಗೋಧಿಯನ್ನೇ ಹಿಂದೆ ಹಾಕಿತು. ತೊಗರಿ ಬೆಳೆಯುವ ಸೀಮೆಯಲ್ಲೇ ಆ ವರ್ಷ ಬೇಳೆ ತುಟ್ಟಿ. ಇದರ ಮೇಲೆ ಸಂಘದ ಸಾಲದ ವಾರದ ಕಂತು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಕಂತಿನ ಭಾರ ಎಷ್ಟೆಂದು ಊಹಿಸಬಹುದು. ವಾರವಾರಕ್ಕೆ ರೊಕ್ಕ ಎಣಿಸುವ ಮನೆ ಇಂಧನವನ್ನೂ ವಾರದ ಲೆಕ್ಕದಲ್ಲೇ ನೋಡುತ್ತದೆ. ಉಳಿದ ಮಾತಿಗೆಲ್ಲ ಇದೇ ಕೀಲಿ.

ಮೊದಲು ಗ್ಯಾಸು. 2016ರ ಮೇ 1ರಂದು ಉತ್ತರ ಪ್ರದೇಶದ ಬಲ್ಲಿಯಾದಲ್ಲಿ, ಬಡ ಮನೆಗಳಿಗೆ ಅಡುಗೆ ಅನಿಲ ಕೊಡುವ ಕೇಂದ್ರದ ಉಜ್ವಲ ಯೋಜನೆ ಶುರುವಾಯಿತು. ಮೊದಲ ಸುತ್ತಿನಲ್ಲಿ ಸಂಪರ್ಕ ಉಚಿತವಾಗಿದ್ದರೂ ಒಲೆ ಮತ್ತು ಮೊದಲ ಸಿಲಿಂಡರು ಬಹುಪಾಲು ಮನೆಗಳಿಗೆ ಸಾಲದ ಮೇಲೆ ಬಂದವು. ಆ ಸಾಲವನ್ನು ಮುಂದಿನ ಸಬ್ಸಿಡಿಯಿಂದ ಮುರಿದುಕೊಂಡರು. 2021ರ ಎರಡನೇ ಸುತ್ತಿನಲ್ಲಿ ಅವೂ ಉಚಿತವಾದವು. ಗ್ಯಾಸು ಬಂದ ಮನೆಗೆ ಪಡಿತರದ ಸೀಮೆಎಣ್ಣೆ ನಿಂತುಹೋಯಿತು. ಹೀಗೆ ಪೆಟ್ಟಿಗೆಯಂಥ ಒಲೆ, ಕೆಂಪು ಸಿಲಿಂಡರು ಇಲ್ಲದ ಮನೆ ಈಗ ಹಳ್ಳಿಯಲ್ಲೂ ಅಪರೂಪ. ಇರುವುದು ಒಂದು ಮಾತು, ಉರಿಯುವುದು ಇನ್ನೊಂದು. ದೇಶದ ಉಜ್ವಲ ಮನೆಗಳು 2019-20ರಲ್ಲಿ ವರ್ಷಕ್ಕೆ ಸರಾಸರಿ ಮೂರರಷ್ಟು ಸಿಲಿಂಡರು ತುಂಬಿಸಿಕೊಂಡಿದ್ದವು, 2023-24ರ ಹೊತ್ತಿಗೆ ಅದು ನಾಲ್ಕರ ಹತ್ತಿರ ಬಂತು. ಐದು ಜನರ ಮನೆಯ ಅಡುಗೆಯೆಲ್ಲ ಗ್ಯಾಸಿನ ಮೇಲೇ ಆಗಬೇಕಾದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಬೇಕು. ಅಂದರೆ ವರ್ಷದ ಎಂಟು ತಿಂಗಳ ಅಡುಗೆ ಬೇರೆ ಯಾವುದೋ ಉರಿಯಲ್ಲಿ ಆಗುತ್ತಿದೆ.

ಬೆಲೆಯ ಏರಿಳಿತ ನೋಡಿ. ದೆಹಲಿಯ ದರದಲ್ಲಿ 14.2 ಕೆ.ಜಿ. ಸಿಲಿಂಡರು 2023ರ ಮಾರ್ಚಿನಲ್ಲಿ 1,103 ರೂಪಾಯಿಗೆ ಏರಿತ್ತು. ಆಗಸ್ಟ್ ಕೊನೆಗೆ 200 ಇಳಿಸಿದರು, ಲೋಕಸಭೆ ಚುನಾವಣೆಯ ಮುಂಚೆ 2024ರ ಮಾರ್ಚಿನಲ್ಲಿ ಮತ್ತೆ 100 ಇಳಿಸಿದರು, 2025ರ ಏಪ್ರಿಲಿನಲ್ಲಿ 50 ಏರಿಸಿ 853ಕ್ಕೆ ನಿಲ್ಲಿಸಿದರು. ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ, ಅದರಲ್ಲೂ ಕೊಲ್ಲಿ ರಾಷ್ಟ್ರಗಳಿಂದ ಬರಬೇಕು. ಹಾಗಾಗಿ ದೇವದುರ್ಗ ತಾಲೂಕಿನ ಗಬ್ಬೂರಿನ ಚಹಾದ ಬೆಲೆಗೂ ಸೌದಿಯ ದರಪಟ್ಟಿಗೂ ನಂಟಿದೆ. ಉಜ್ವಲದವರಿಗೆ 2022ರಲ್ಲಿ ಸಿಲಿಂಡರಿಗೆ 200 ರೂಪಾಯಿ ಸಬ್ಸಿಡಿ ಶುರುವಾಗಿ 2023ರ ಅಕ್ಟೋಬರಿನಲ್ಲಿ 300 ಆಯಿತು. 2025-26ಕ್ಕೆ ಅದನ್ನು ವರ್ಷಕ್ಕೆ ಹನ್ನೆರಡರ ಬದಲು ಒಂಬತ್ತು ಸಿಲಿಂಡರಿಗೆ ಮಿತಿಗೊಳಿಸಿದರು. ನಾಲ್ಕೇ ತುಂಬಿಸುವವರಿಗೆ ಹನ್ನೆರಡಾದರೇನು, ಒಂಬತ್ತಾದರೇನು ಎಂಬುದು ಬೇರೆ ಮಾತು.

2025ರ ಆ ದರದಲ್ಲಿ ಸಬ್ಸಿಡಿ ಕಳೆದರೆ ಉಜ್ವಲದ ಮನೆಗೆ ಸಿಲಿಂಡರು 550 ರೂಪಾಯಿಯ ಆಸುಪಾಸು ಬೀಳುತ್ತಿತ್ತು. ಮುಂದೆ ಕಾಣಿಸುವಂತೆ, ದುಡ್ಡು ಕೊಟ್ಟು ಕೊಳ್ಳುವ ಉರುವಲುಗಳಲ್ಲಿ ಇದರಷ್ಟು ಸೋವಿ ಇನ್ನೊಂದಿಲ್ಲ. ಆದರೆ ಸಬ್ಸಿಡಿ ಬರುವುದು ಆಮೇಲೆ, ಬ್ಯಾಂಕಿನ ಖಾತೆಗೆ. ಕೈಯಿಂದ ಮೊದಲು ಇಡಿಗಂಟು ಬಿಚ್ಚಬೇಕು. ಗಾಡಿ ಬಾರದ ಊರಾದರೆ ಟಂಟಂಗೆ ಹಾಕಿಸಿಕೊಂಡು ಬರುವ ಖರ್ಚು ಬೇರೆ. "ಗ್ಯಾಸ್ ಐತ್ರಿ, ತುಂಬ್ಸಾಕ ರೊಕ್ಕ ಇಲ್ಲ" ಎಂಬ ಮಾತು ಈ ಭಾಗದಲ್ಲಿ ಎಲ್ಲಿ ಹೋದರೂ ಕೇಳುತ್ತದೆ. ಅದನ್ನು ಬಡತನದ ಮಾತೆಂದು ಕೇಳಿ ಬಿಡುತ್ತೇವೆ. ನನ್ನ ಮಟ್ಟಿಗೆ ಅದು ನಗದಿನ ಮಾತು. ಒಂದೇ ಸಲಕ್ಕೆ ಎಂಟುನೂರೈವತ್ತು ಎಣಿಸಲು ಆಗದವರು ಹತ್ತಿಪ್ಪತ್ತು ರೂಪಾಯಿಯಂತೆ ತಿಂಗಳಿಗೆ ಅದಕ್ಕಿಂತ ಹೆಚ್ಚು ಖರ್ಚು ಮಾಡುವುದು ಉಂಟು.

ಇದಕ್ಕೆ ಉತ್ತರ ಯೋಜನೆಯೊಳಗೇ ಇದೆ, ಯಾರೂ ಹೇಳುವುದಿಲ್ಲ ಅಷ್ಟೆ. ಉಜ್ವಲದಲ್ಲಿ 14.2 ಕೆ.ಜಿ.ಯ ಬದಲು 5 ಕೆ.ಜಿ. ಸಿಲಿಂಡರು ಆರಿಸಿಕೊಳ್ಳುವ ಅವಕಾಶವಿದೆ, ತೂಕಕ್ಕೆ ತಕ್ಕಂತೆ ಸಬ್ಸಿಡಿಯೂ ಇದೆ. ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿ ತುಂಬಿಸಿಕೊಂಡು ಹೆಂಗಸೊಬ್ಬಳೇ ಸೊಂಟಕ್ಕೆ ಇಟ್ಟುಕೊಂಡು ಬರಬಹುದು. ವಿಳಾಸದ ದಾಖಲೆ ಕೇಳದೆ ಮಾರುವ 'ಛೋಟು' ಬಗೆಯ ಐದು ಕಿಲೋ ಸಿಲಿಂಡರು ಬೇರೆ, ಅದಕ್ಕೆ ಸಬ್ಸಿಡಿ ಇಲ್ಲ. ಗುಳೆ ಹೋದವರಿಗೆ ಅದು ಅನುಕೂಲ, ಊರಲ್ಲಿರುವವರಿಗೆ ತುಟ್ಟಿ. ಸಬ್ಸಿಡಿಯ ಚಿಕ್ಕ ಸಿಲಿಂಡರು ಕಡಿಮೆ ಲಾಭದ ಸರಕಾದ್ದರಿಂದ ಏಜೆನ್ಸಿಗಳಿಗೆ ಅದರ ಮೇಲೆ ಉತ್ಸಾಹ ಇರುವುದಿಲ್ಲ. ತಾಲೂಕು ಪಂಚಾಯಿತಿ ಒಂದು ವರ್ಷ ಇದೊಂದನ್ನೇ ಹಿಡಿದು ಕೂತರೂ ಗ್ಯಾಸಿನ ಬಳಕೆ ಏರುತ್ತದೆ ಎಂದು ನನ್ನ ಅಂದಾಜು.

ಈಗ ಕಟ್ಟಿಗೆಯ ಲೆಕ್ಕ. ಒಂದು ಸಿಲಿಂಡರಿನ ಅನಿಲ ಒಲೆಯಲ್ಲಿ ಉರಿದು ಪಾತ್ರೆಗೆ ಮುಟ್ಟಿಸುವ ಶಾಖವನ್ನು ಮೂರು ಕಲ್ಲಿನ ಒಲೆಯಿಂದ ಪಡೆಯಲು ಎಷ್ಟು ಒಣ ಕಟ್ಟಿಗೆ ಬೇಕು? ಗ್ಯಾಸ್ ಒಲೆಯಲ್ಲಿ ನೂರಕ್ಕೆ ಅರವತ್ತು ಪಾಲು ಶಾಖ ಪಾತ್ರೆಗೆ ಹೋಗುತ್ತದೆ, ಕಲ್ಲೊಲೆಯಲ್ಲಿ ಹೋಗುವುದು ಹನ್ನೆರಡು, ಹದಿನೈದು ಪಾಲು. ಮಿಕ್ಕದ್ದು ಗೋಡೆಗೆ, ಗಾಳಿಗೆ, ಕಣ್ಣಿಗೆ. ಈ ಲೆಕ್ಕದಲ್ಲಿ ಒಂದು ಸಿಲಿಂಡರಿಗೆ ಸುಮಾರು 175 ಕೆ.ಜಿ. ಕಟ್ಟಿಗೆ ಸಮ. ಕಿಲೋಗೆ ಐದೇ ರೂಪಾಯಿ ಹಿಡಿದರೂ 875 ಆಯಿತು. ಕೊಂಡು ಉರಿಸುವವರಿಗೆ ಕಟ್ಟಿಗೆ ಸೋವಿಯೇ ಅಲ್ಲ. ಹೆಕ್ಕಿ ತಂದವರಿಗೆ ಮಾತ್ರ ಸೋವಿ. ಅದೂ ತಂದವಳ ಕೂಲಿ ಹಿಡಿಯದಿದ್ದರೆ. 2025-26ರಲ್ಲಿ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ವಾರದಲ್ಲಿ ಅರ್ಧ ದಿನ ಹೊರೆ ಹೊರಲು ಹೋದರೆ ತಿಂಗಳಿಗೆ 740 ರೂಪಾಯಿಯ ದುಡಿಮೆ ಹೋಯಿತು. ಮನೆಯ ಗಂಡಸಿನ ಲೆಕ್ಕದಲ್ಲಿ ಅದು ಖರ್ಚಲ್ಲ, ಏಕೆಂದರೆ ಕಿಸೆಯಿಂದ ಹೋಗಿಲ್ಲ. ಸರ್ಕಾರದ ಲೆಕ್ಕದಲ್ಲೂ ಅಲ್ಲ.

ಹೆಕ್ಕಿ ತರುವುದರಲ್ಲಿ ಈ ಭಾಗದ ಮುಖ್ಯ ಉರುವಲು ಹತ್ತಿ ಕಟ್ಟಿಗೆ. ರಾಯಚೂರು, ದೇವದುರ್ಗ, ಮಾನ್ವಿಯ ಎರೆ ನೆಲದಲ್ಲಿ ಹತ್ತಿ ಬಿಡಿಸುವುದು ಜನವರಿ, ಫೆಬ್ರವರಿಗೆ ಮುಗಿಯುತ್ತದೆ. ಬಳಿಕ ಹೊಲದಲ್ಲಿ ನಿಂತ ಒಣ ಗಿಡ ಕಿತ್ತುಕೊಡಬೇಕು. ಕಿತ್ತವರಿಗೇ ಕಟ್ಟಿಗೆ ಎಂಬುದು ಬಹಳ ಕಡೆ ನಡೆದುಬಂದ ಒಪ್ಪಂದ. ಹೊಲದ ಧಣಿಗೆ ನೆಲ ಹಸನಾಯಿತು, ಕೂಲಿಯವರಿಗೆ ಮಳೆಗಾಲದವರೆಗಿನ ಉರುವಲಾಯಿತು. ಎಕರೆಗೆ ಒಣಗಿದ ಕಟ್ಟಿಗೆ ಸುಮಾರು ಒಂದು ಟನ್ ಸಿಗುತ್ತದೆ ಎಂದರೆ ಐದಾರು ಸಿಲಿಂಡರಿಗೆ ಸಮ, ಉಜ್ವಲದ ದರದಲ್ಲೇ ಮೂರು ಸಾವಿರ ರೂಪಾಯಿಯ ಇಂಧನ. ಬಿಟ್ಟಿ ಎಂದು ನಾವು ಕರೆಯುವ ಈ ವಹಿವಾಟು ಹೀಗೆ ಕೂಲಿಯ ಒಂದು ಭಾಗ.

ಆ ವಹಿವಾಟಿಗೆ ಈಗ ಎರಡು ಕಡೆಯಿಂದ ಏಟು ಬಿದ್ದಿದೆ. ಒಂದು, ಟ್ರ್ಯಾಕ್ಟರಿಗೆ ಕಟ್ಟುವ ರೋಟಾವೇಟರು, ಕಟ್ಟಿಗೆ ಪುಡಿ ಮಾಡುವ ಯಂತ್ರಗಳು. ಒಂದೆರಡು ತಾಸಿನಲ್ಲಿ ಗಿಡವೆಲ್ಲ ಚೂರಾಗಿ ಮಣ್ಣಿಗೆ ಸೇರುತ್ತದೆ, ಕೂಲಿಯವರನ್ನು ಕರೆಯುವ ಗೋಜೇ ಇಲ್ಲ. ಇನ್ನೊಂದು, ಗುಲಾಬಿ ಕಾಯಿಕೊರಕ. ಬಿಟಿ ಹತ್ತಿಗೂ ಮಣಿಯದೆ ಬೆಳೆದ ಈ ಹುಳು ಒಡೆಯದೆ ಉಳಿದ ಕಾಯಿಗಳಲ್ಲಿ, ಒಟ್ಟಿದ ಕಟ್ಟಿಗೆಯಲ್ಲಿ ಅಡಗಿಕೊಂಡು ಮುಂದಿನ ಹಂಗಾಮಿನ ಬೆಳೆಗೆ ಹಾರುತ್ತದೆ. ಬೆಳೆ ಮುಗಿದ ಕೂಡಲೇ ಗಿಡ ನಾಶ ಮಾಡಿ, ಮನೆ ಹತ್ತಿರ ಕಟ್ಟಿಗೆಯ ಬಣವೆ ಒಟ್ಟಬೇಡಿ ಎಂಬುದು ಕೃಷಿ ವಿಜ್ಞಾನಿಗಳ ಸಲಹೆ. ಸಲಹೆ ಸರಿಯಾದದ್ದೇ. ಆದರೆ ಅದನ್ನು ಪಾಲಿಸಿದರೆ ಊರಿನ ಅರ್ಧ ಒಲೆಗಳು ಏಪ್ರಿಲಿನಲ್ಲೇ ತಣ್ಣಗಾಗುತ್ತವೆ. ಕೀಟದ ಬಗ್ಗೆ ಹೇಳುವ ಇಲಾಖೆ ಒಲೆಯ ಬಗ್ಗೆ ಯೋಚಿಸುವುದಿಲ್ಲ, ಗ್ಯಾಸ್ ಕೊಡುವ ಇಲಾಖೆಗೆ ಹುಳು ಗೊತ್ತಿಲ್ಲ. ನಡುವೆ ಒಂದು ದಾರಿ ಇದೆ. ಕಿತ್ತ ಕಟ್ಟಿಗೆಯಿಂದ ಒಡೆಯದ ಕಾಯಿಗಳನ್ನು ಕೂಡಲೇ ಹರಿದು ಸುಟ್ಟು, ಕಟ್ಟಿಗೆಯನ್ನು ಗೇಣುದ್ದ ಕಡಿದು ಬಿಸಿಲಿಗೆ ಹರವಿದರೆ ಹುಳು ಉಳಿಯುವುದು ಕಷ್ಟ, ಉರುವಲೂ ಉಳಿಯುತ್ತದೆ. ಕಟ್ಟಿಗೆ ಕಡಿಯುವ ಯಂತ್ರವನ್ನು ಬಾಡಿಗೆಗೆ ಕೊಡುವ ಕೇಂದ್ರಗಳು ಹೊಲದಲ್ಲಿ ಪುಡಿ ಮಾಡುವುದಕ್ಕಷ್ಟೇ ಅಲ್ಲದೆ ಇದಕ್ಕೂ ಕೊಟ್ಟರೆ ಆಯಿತು.

ಹತ್ತಿ ಕಟ್ಟಿಗೆಯ ಉರಿ ಹೇಗಿರುತ್ತದೆ ಎಂದು ಒಲೆಯ ಮುಂದೆ ಕೂತವರಿಗೆ ಗೊತ್ತು. ಭಗ್ಗನೆ ಹತ್ತುತ್ತದೆ, ಅಷ್ಟೇ ಬೇಗ ಕರಗುತ್ತದೆ, ಕೆಂಡ ನಿಲ್ಲುವುದಿಲ್ಲ. ರೊಟ್ಟಿ ಮಾಡುವಾಗ ಒಬ್ಬರು ಬಡಿಯಬೇಕು, ಇನ್ನೊಬ್ಬರು ಉರಿ ಹಾಕುತ್ತಿರಬೇಕು. ಬಡಿದ ರೊಟ್ಟಿ ಹಂಚಿನ ಮೇಲೆ ಬಿದ್ದು, ನೀರು ಸವರಿದ ಮೈ ಒಣಗುವ ಹೊತ್ತಿಗೆ ಒಂದು ಹಿಡಿ, ಮಗುಚುವ ಹೊತ್ತಿಗೆ ಇನ್ನೊಂದು ಹಿಡಿ. ಸಾಮಾನ್ಯವಾಗಿ ಆ ಇನ್ನೊಬ್ಬರು ಶಾಲೆಗೆ ಹೊರಡಬೇಕಾದ ಹುಡುಗಿ. ತೊಗರಿ ಕಟ್ಟಿಗೆಯಾದರೆ ಸ್ವಲ್ಪ ತಾಳುತ್ತದೆ, ಜಾಲಿಯಾದರೆ ಕೆಂಡ ನಿಲ್ಲುತ್ತದೆ, ಕುಳ್ಳು ನಿಧಾನಕ್ಕೆ ಬೇಯುವ ಬೇಳೆಗೆ, ಹಾಲಿಗೆ ಸರಿ. ಇಷ್ಟೆಲ್ಲ ತಿಳಿದ ಹೆಂಗಸರು ಗ್ಯಾಸು ಬಂದ ಮೇಲೆ ಕಲ್ಲೊಲೆಯನ್ನು ಒಡೆದು ಹಾಕಲಿಲ್ಲ. ಚಹಾ, ಅನ್ನ, ಬೇಳೆಯ ಕುಕ್ಕರು ಗ್ಯಾಸಿಗೆ, ರೊಟ್ಟಿ ಒಲೆಗೆ ಎಂದು ಹಂಚಿದರು. ಒಂದು ರೊಟ್ಟಿಗೆ ಎರಡು ಮೂರು ನಿಮಿಷದಂತೆ ಹದಿನೈದಿಪ್ಪತ್ತು ರೊಟ್ಟಿಗೆ ಮುಕ್ಕಾಲು ತಾಸು ದೊಡ್ಡ ಉರಿ ಬೇಕು. ಸಿಲಿಂಡರನ್ನು ಖಾಲಿ ಮಾಡುವುದು ರೊಟ್ಟಿಯೇ. ಎರಡು ಒಲೆ ಇಟ್ಟುಕೊಳ್ಳುವುದನ್ನು ಹಳೆಯ ರೂಢಿ ಬಿಡದ ಹಟ ಎಂದು ಬರೆಯುವವರು ರೊಟ್ಟಿ ಬಡಿದವರಲ್ಲ.

ಉರುವಲು ಉಳಿಸುವ ಹಳೆಯ ಉಪಾಯವೊಂದು ಈ ಸೀಮೆಯ ಊಟದಲ್ಲೇ ಇದೆ: ಖಡಕ್ ರೊಟ್ಟಿ. ಕಾದ ಹಂಚನ್ನು ಆರಲು ಬಿಡದೆ ಒಂದೇ ಸಲ ಕೂತು ನೂರು ರೊಟ್ಟಿ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಆಯಿತು. ದಿನಾ ಒಲೆ ಕಾಯಿಸುವ ಉರಿ ಉಳಿಯುತ್ತದೆ. ರಾಯಚೂರು, ಕಲಬುರಗಿಯ ಪೇಟೆಗಳಲ್ಲಿ ರೊಟ್ಟಿ ಕೇಂದ್ರಗಳು ಈಗ ಗಲ್ಲಿಗೊಂದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ ಎಣಿಸಿ ಕೊಂಡು ಹೋಗುತ್ತದೆ. ಬಡಿಯುವವಳಿಗೆ ನಾಲ್ಕು ಕಾಸು, ಕೊಳ್ಳುವವರಿಗೆ ಗ್ಯಾಸು ಉಳಿತಾಯ. ಇಂಧನದ ಯೋಜನೆಗಳ ಪಟ್ಟಿಯಲ್ಲಿ ಯಾರೂ ಇದನ್ನು ಸೇರಿಸುವುದಿಲ್ಲ. ನಾನಾದರೆ ಮೊದಲ ಸಾಲಿನಲ್ಲಿ ಸೇರಿಸುತ್ತಿದ್ದೆ.

ಜಾಲಿಯ ವಿಷಯ ಬೇರೆ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಕೆರೆಯಂಗಳ, ಕಾಲುವೆ ದಂಡೆ, ಗೋಮಾಳಗಳನ್ನೆಲ್ಲ ನುಂಗಿದೆ. ದನ, ಕುರಿ ಕಾಯಿ ತಿಂದು ಬೀಜ ಹರಡುತ್ತವೆ, ಕಡಿದಷ್ಟೂ ಚಿಗುರುತ್ತದೆ. ರೈತನಿಗೆ ಅದು ಶನಿ, ಒಲೆಗೆ ವರ. ಮುಳ್ಳು ಚುಚ್ಚಿ ಕೈ ಕೀವಾದರೂ ಅದರ ಉರಿಗೆ ಸಾಟಿಯಿಲ್ಲ. ಆದರೆ ವ್ಯಾಪಾರಿ ಕಣ್ಣು ಹಾಕುವವರೆಗೆ ಮಾತ್ರ ಅದು ಬಿಟ್ಟಿ. ಇದ್ದಿಲಿಗೆ, ಇಟ್ಟಿಗೆ ಭಟ್ಟಿಗೆ ಲಾರಿ ಬಂದು ನಿಂತರೆ ನಿನ್ನೆ ಯಾರದ್ದೂ ಅಲ್ಲದ ಜಾಲಿಗೆ ಇವತ್ತು ಮಾಲೀಕರು ಹುಟ್ಟುತ್ತಾರೆ.

ಮಾನ್ವಿ, ರಾಯಚೂರಿನ ಅಕ್ಕಿ ಗಿರಣಿಗಳ ಹೊಟ್ಟಿನ ಕತೆಯೂ ಹೆಚ್ಚುಕಡಿಮೆ ಇದೇ. ತುಂಗಭದ್ರಾ ಎಡದಂಡೆಯ ನೀರಿನಿಂದ ಬಂದ ನೆಲ್ಲು ಗಿರಣಿಗೆ ಬಿದ್ದರೆ ನೂರು ಕಿಲೋಗೆ ಇಪ್ಪತ್ತರಷ್ಟು ಹೊಟ್ಟು. ತಗಡಿನ ಡಬ್ಬಿಯ ನಡುವೆ ಲಟ್ಟಣಿಗೆ ನಿಲ್ಲಿಸಿ, ಸುತ್ತ ಹೊಟ್ಟು ತುಂಬಿ ಗಟ್ಟಿಯಾಗಿ ತುಳಿದು, ಲಟ್ಟಣಿಗೆ ಮೆಲ್ಲಗೆ ಎಳೆದುಬಿಟ್ಟರೆ ಕೊಳವೆಯಂಥ ಕಿಂಡಿ ಉಳಿಯುತ್ತದೆ. ಬುಡದಿಂದ ಒಂದು ಕಡ್ಡಿ ಹಚ್ಚಿದರೆ ಎರಡು ತಾಸು ಯಾರೂ ಮುಂದೆ ಕೂರದೆ ಉರಿ ನಿಲ್ಲುತ್ತದೆ. ಜಳಕದ ನೀರಿಗೆ ಇದಕ್ಕಿಂತ ಸೋವಿ ಒಲೆ ಇನ್ನೊಂದಿಲ್ಲ. ಆದರೆ ಗಿರಣಿಗಳೇ ಈಗ ಬಾಯ್ಲರಿಗೆ ಹೊಟ್ಟು ಉರಿಸುತ್ತವೆ, ಮಿಕ್ಕದ್ದನ್ನು ಭಟ್ಟಿಗಳಿಗೆ ಮಾರುತ್ತವೆ. ಚೀಲಕ್ಕೆ ಬೆಲೆ ಕಟ್ಟಿದ ಮೇಲೆ ಗಿರಣಿ ಹತ್ತಿರದ ಓಣಿಗಳಿಗೆ ಮಾತ್ರ ಇದು ಲಾಭ.

ಹೊಗೆ ಕಡಿಮೆ, ಕಟ್ಟಿಗೆ ಅರ್ಧ ಎಂದು ಬಂದ ಸುಧಾರಿತ ಒಲೆಗಳನ್ನು ಕನ್ನಡನಾಡು ಮರೆತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಕಟ್ಟಿದ 'ಅಸ್ತ್ರ' ಕೇಂದ್ರ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಕೆಲಸ ಮಾಡಿ, ಮೂರು ಪಾತ್ರೆಯ, ಚಿಮಣಿ ಇರುವ ಅಸ್ತ್ರ ಒಲೆಯನ್ನು ಕೊಟ್ಟಿತು. ಎಂಬತ್ತರ ದಶಕದಲ್ಲಿ ರಾಜ್ಯದಲ್ಲೆಲ್ಲ ಅದನ್ನು ಹಾಕಿಸಿದರು. ಕೇಂದ್ರದ ಸುಧಾರಿತ ಒಲೆ ಕಾರ್ಯಕ್ರಮ 1983ರಿಂದ 2002ರವರೆಗೆ ನಡೆದು ನಿಂತಿತು. ವಿಜ್ಞಾನ ಸರಿಯಿತ್ತು. ಆದರೆ ಮೂರು ಪಾತ್ರೆಗೆ ಉರಿ ಹಂಚುವ ಒಲೆ ಅನ್ನ, ಮುದ್ದೆ, ಸಾರಿನ ಸೀಮೆಗೆ ಹೊಂದುವಷ್ಟು ಒಂದೇ ಅಗಲ ಹಂಚಿನ ಕೆಳಗೆ ದೊಡ್ಡ ಉರಿ ಬೇಡುವ ರೊಟ್ಟಿಯ ಸೀಮೆಗೆ ಹೊಂದುವುದಿಲ್ಲ. ಕಟ್ಟಿಗೆಯನ್ನು ಚಿಕ್ಕದಾಗಿ ಕಡಿದು ಹಾಕಬೇಕು, ಚಿಮಣಿಯ ಮಸಿ ತೆಗೆಯಬೇಕು. ತೆಗೆಯುವವರು ಯಾರೆಂದು ಯಾರೂ ಕೇಳಲಿಲ್ಲ. ಒಂದೇ ಹಂಚಿನ, ಒಳಗಾಳಿ ಆಡುವ, ಹತ್ತಿ ಕಟ್ಟಿಗೆಯ ಅಳತೆಗೆ ಬಾಯಿ ಇರುವ ಒಲೆಯನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಕೈಗೆತ್ತಿಕೊಂಡರೆ ಇವತ್ತಿಗೂ ತಡವಾಗಿಲ್ಲ. ಸಿಲಿಂಡರಿಗೆ ಸಮನಾದ 175 ಕಿಲೋ ಕಟ್ಟಿಗೆ 90ಕ್ಕೆ ಇಳಿಯುತ್ತದೆ. ಗೋಬರ್ ಗ್ಯಾಸಿನದು ಒಂದೇ ಮಾತು: ಎರಡು ಘನಮೀಟರಿನ ಸ್ಥಾವರಕ್ಕೆ ದಿನಾ 50 ಕಿಲೋ ಸಗಣಿ, ಅಷ್ಟೇ ನೀರು, ಅಂದರೆ ನಾಲ್ಕೈದು ದನ ಬೇಕು. ದನ ಇರುವ ರೈತನಿಗೆ ತಿಂಗಳಿಗೆ ಎರಡು ಸಿಲಿಂಡರಿನಷ್ಟು ಅನಿಲ ಸಿಗುತ್ತದೆ, ಬಗ್ಗಡ ಹೊಲಕ್ಕೆ ಗೊಬ್ಬರ. ಟ್ರ್ಯಾಕ್ಟರು ಬಂದು ಎತ್ತು ಹೋದ ಮನೆಗಳಿಗೆ, ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡಪಾನ ಸಾಲಾಗಿ ಇಡುವ ಊರುಗಳಿಗೆ ಅದು ದೂರದ ಮಾತು.

ಉಳಿದದ್ದು ಕರೆಂಟು. ರಾಯಚೂರಿನ ವಿಷಯದಲ್ಲಿ ಈ ಮಾತು ತುಸು ಖಾರವಾಗಿಯೇ ಬರುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, 1,720 ಮೆಗಾವಾಟ್ ಸಾಮರ್ಥ್ಯ. ಪಕ್ಕದ ಯರಮರಸಿನಲ್ಲಿ 800ರ ಎರಡು ಘಟಕ. ನಾಲ್ಕು ದಶಕದಿಂದ ರಾಜ್ಯಕ್ಕೆ ದೀಪ ಹಚ್ಚಿದ ಜಿಲ್ಲೆಗೆ ಹಾರುಬೂದಿ ಉಳಿಯಿತು, ಹಳ್ಳಿಯ ಒಲೆಗೆ ಮಾತ್ರ ಆ ಬೆಂಕಿ ಮುಟ್ಟಲಿಲ್ಲ. ಮುಟ್ಟಬಾರದೆಂದೇನಿಲ್ಲ. ಒಂದು ಸಿಲಿಂಡರಿನ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು 130 ಯುನಿಟ್ ಸಾಕು. ಯುನಿಟ್ಟಿಗೆ ಸುಮಾರು ಆರು ರೂಪಾಯಿಯಂತೆ 780. ಅಂದರೆ ಸಬ್ಸಿಡಿ ಇಲ್ಲದ ಗ್ಯಾಸಿಗಿಂತ ಸ್ವಲ್ಪ ಸೋವಿ, ಉಜ್ವಲದ ಗ್ಯಾಸಿಗಿಂತ ತುಟ್ಟಿ. ಜೊತೆಗೆ ಒಮ್ಮೆ ಒಲೆ, ಅದಕ್ಕೆ ಹೊಂದುವ ಪಾತ್ರೆ ಕೊಳ್ಳಬೇಕು. ಕರೆಂಟು ರೊಟ್ಟಿಯ ಹೊತ್ತಿಗೇ ಕೈಕೊಟ್ಟರೆ ಮತ್ತೆ ಕಲ್ಲೊಲೆ.

ಹಾಗಾದರೆ ರಾಜ್ಯ ಸರ್ಕಾರದ ಗೃಹಜ್ಯೋತಿಯ ಉಚಿತ ಕರೆಂಟು? 200 ಯುನಿಟ್ ಎಂದು ಎಲ್ಲರ ಬಾಯಲ್ಲಿದೆ. 2023ರ ಜುಲೈಯಿಂದ ಜಾರಿಗೆ ಬಂದ ಈ ಯೋಜನೆಯ ನಿಯಮ ಬೇರೆಯೇ ಹೇಳುತ್ತದೆ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿದಷ್ಟು ಮಾತ್ರ ಉಚಿತ. ತೀರ ಕಡಿಮೆ ಬಳಸುವವರಿಗೆ ಅನ್ಯಾಯವಾಗುತ್ತದೆಂದು 2024ರಲ್ಲಿ, 48 ಯುನಿಟ್ಟಿಗಿಂತ ಕಡಿಮೆ ಸರಾಸರಿಯವರಿಗೆ ಹತ್ತು ಯುನಿಟ್ ಸೇರಿಸಿಕೊಡಲು ತಿದ್ದಿದರು. ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53ರ ಮೇಲೆ ನೂರಕ್ಕೆ ಹತ್ತು, ಅಂದರೆ 58. ಬೆಂಗಳೂರಿನಲ್ಲಿ ಗೀಸರು, ಫ್ರಿಜ್ಜು, ವಾಷಿಂಗ್ ಮಷೀನು ಇದ್ದು 170 ಬಳಸುತ್ತಿದ್ದ ಮನೆಗೆ 187 ಯುನಿಟ್ ಬಿಟ್ಟಿ. ದೇವದುರ್ಗದಲ್ಲಿ ಎರಡು ಬಲ್ಬು, ಒಂದು ಫ್ಯಾನಿನಲ್ಲಿ 35 ಬಳಸುತ್ತಿದ್ದ ಮನೆಗೆ 45. ಬಡತನದಿಂದಾಗಿ ಕಡಿಮೆ ಬಳಸಿದವರಿಗೆ ಮುಂದೆಯೂ ಕಡಿಮೆಯೇ ಎಂದಾಯಿತು. ಈ ಯೋಜನೆಯನ್ನು ಒಟ್ಟಾರೆ ಹೊಗಳುವವರೂ ತೆಗಳುವವರೂ ಈ ಒಂದು ಗಂಟನ್ನು ಬಿಚ್ಚಿ ನೋಡಿದ್ದು ಕಾಣೆ. 45 ಯುನಿಟ್ಟಿನಲ್ಲಿ ಅಡುಗೆ ಆಗದು. ಜಳಕವೂ ಆಗದು: ಒಂದು ಬಕೆಟ್ ನೀರನ್ನು ರಾಡು ಹಾಕಿ ಕಾಯಿಸಲು ಅರ್ಧ ಯುನಿಟ್ ಬೇಕು, ನಾಲ್ಕು ಜನರ ಮನೆಗೆ ತಿಂಗಳಿಗೆ 60. ಮಿತಿ ದಾಟಿದ ಯುನಿಟ್ಟಿಗೆಲ್ಲ ಬಿಲ್ಲು, 200 ದಾಟಿದರೆ ಪೂರ್ತಿ ಬಿಲ್ಲು. ಗ್ಯಾಸಿಗೆ ಬೇರೆ, ಕರೆಂಟಿಗೆ ಬೇರೆ ಎಂದು ರಿಯಾಯಿತಿ ಹಂಚುವ ಬದಲು ಉಜ್ವಲದ ಮನೆಗಳಿಗಾದರೂ ಹಳೆಯ ಸರಾಸರಿಯ ಕಟ್ಟು ಬಿಚ್ಚಿ ಒಂದೇ ಮಟ್ಟದ ಮಿತಿ ಕೊಟ್ಟರೆ ಅನ್ನ, ಬೇಳೆಯಾದರೂ ಕರೆಂಟಿಗೆ ಹೋದೀತು.

ರಾಜ್ಯ ಸರ್ಕಾರ ಮನೆಯ ಯಜಮಾನಿಗೆ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2,000 ರೂಪಾಯಿ ಈ ಲೆಕ್ಕದಲ್ಲಿ ಎಲ್ಲಿ ಕೂರುತ್ತದೆ ಎಂದು ಕೇಳಬಹುದು. ತಿಂಗಳು ತಿಂಗಳು ತಪ್ಪದೆ ಬಂದರೆ ಸಿಲಿಂಡರಿನ ಇಡಿಗಂಟಿನ ತೊಡಕು ಅದರಿಂದಲೇ ಬಗೆಹರಿಯುತ್ತದೆ. ಎರಡು ಮೂರು ತಿಂಗಳ ಕಂತು ಒಟ್ಟಿಗೆ ಬಂದಾಗ ಅದು ಬೀಜಕ್ಕೋ, ಸಾಲಕ್ಕೋ, ಮಗಳ ಕಾಲೇಜಿಗೋ ಹೋಗುತ್ತದೆ. ಹೋಗಬೇಕಾದದ್ದೂ ಅಲ್ಲಿಗೇ.

ಬಿಸಿಲು ಇಷ್ಟಿರುವ ಊರಿನಲ್ಲಿ ನೀರು ಕಾಯಿಸಲು ಏನನ್ನಾದರೂ ಉರಿಸುವುದೇ ವಿಚಿತ್ರ. ಸೋಲಾರ್ ಹೀಟರಿಗೆ ಹದಿನೈದಿಪ್ಪತ್ತು ಸಾವಿರ ಬೇಕು, ಇಲ್ಲಿನ ಗಡಸು ನೀರಿಗೆ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವಾಟ್ ಫಲಕಕ್ಕೆ 30,000 ರೂಪಾಯಿ ಸಹಾಯಧನವಿದ್ದರೂ ಮಿಕ್ಕ ದುಡ್ಡು ಹಾಕುವವರು ಪೇಟೆಯ ನೌಕರರೇ. ಬಿಲ್ಲೇ ಸೊನ್ನೆ ಬರುವ ಮನೆ ಫಲಕ ಏಕೆ ಹಾಕೀತು? ಆದರೆ ಕಪ್ಪು ಬಳಿದ ಹಳೆಯ ಡ್ರಮ್ಮು, ಕಪ್ಪು ಪೈಪು ಮಾಳಿಗೆ ಮೇಲಿದ್ದರೆ ಚಳಿಗಾಲದಲ್ಲೂ ಮಧ್ಯಾಹ್ನಕ್ಕೆ ನೀರು ಕೈಗೆ ಬೆಚ್ಚಗೆ ಹತ್ತುತ್ತದೆ. ನಸುಕಿನ ಜಳಕವನ್ನು ಸಂಜೆಗೆ ಹಾಕಿಕೊಂಡರೆ ನೀರೊಲೆಯೇ ಬೇಡ. ಹೊಲಕ್ಕೆ ಹೋಗುವವರಿಗೆ ಸಂಜೆಯೇ ಸರಿಯಾದ ಹೊತ್ತು. ಏಪ್ರಿಲ್ಲಿನಲ್ಲಂತೂ ಟ್ಯಾಂಕಿನ ನೀರು ಮೈ ಸುಡುತ್ತದೆ, ಆಗ ಹುಡುಕಬೇಕಾದದ್ದು ತಣ್ಣೀರನ್ನು.

ಅಲ್ಲಿಗೆ ಈ ಪ್ರಶ್ನೆಯ ಇನ್ನೊಂದು ಮುಖ ಬಂತು. ಮುಂದಿನ ವರ್ಷಗಳಲ್ಲಿ ಇಲ್ಲಿನ ಮನೆಗಳ ಖರ್ಚು ಏರುವುದು ತಂಪು ಮಾಡಿಕೊಳ್ಳುವುದಕ್ಕೆ. ಗೇಣೆರಡು ಗೇಣು ದಪ್ಪ ಮಣ್ಣು ಹೊದ್ದ ಜಂತಿಯ ಮಾಳಿಗೆ ಮನೆ ಬೇಸಿಗೆಯ ಮಧ್ಯಾಹ್ನ ತಂಪಾಗಿಯೂ ಚಳಿಯ ರಾತ್ರಿ ಬೆಚ್ಚಗೂ ಇರುತ್ತಿತ್ತು. ಮೇಲಿನ ಸವುಳು ಮಣ್ಣನ್ನು ಮಳೆಗಾಲದ ಮುಂಚೆ ಬದಲಿಸುವುದೊಂದೇ ಅದರ ಖರ್ಚು. ಜಂತಿಯ ಮರ ಸಿಗದಾಯಿತು, ಸೋರುವ ಮಾಳಿಗೆಗೆ ಜನ ಬೇಸತ್ತರು, ಮನೆ ಯೋಜನೆಗಳು ಆರ್‌ಸಿಸಿಗೇ ದುಡ್ಡು ಕೊಟ್ಟವು, ದುಡ್ಡು ಸಾಲದವರು ತಗಡು ಹಾಕಿದರು. ತಗಡಿನ ಮನೆ ಮೇ ತಿಂಗಳಲ್ಲಿ ಹಗಲು ಕಾಯುತ್ತದೆ, ಜನವರಿಯಲ್ಲಿ ರಾತ್ರಿ ಕೊರೆಯುತ್ತದೆ. ಹೀಗೆ ಫ್ಯಾನು ಇದ್ದ ಮನೆಗೆ ಕೂಲರು ಬಂತು. ದಿನಕ್ಕೆ ಹತ್ತು ತಾಸು ಓಡುವ ಸಾಧಾರಣ ಕೂಲರು ತಿಂಗಳಿಗೆ 45, 50 ಯುನಿಟ್ ತಿನ್ನುತ್ತದೆ, ಉಚಿತದ ಮಿತಿ ಅದೊಂದಕ್ಕೇ ಮುಗಿಯಿತು. ನೆರೆಯ ತೆಲಂಗಾಣ 2023ರಲ್ಲೇ ತಂಪು ಚಾವಣಿಗೆ ಒಂದು ನೀತಿ ಮಾಡಿ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣಕ್ಕೆ ಒತ್ತು ಕೊಟ್ಟಿದೆ. ಕೃಷ್ಣೆಯ ಆಚೆ ಈಚೆ ಬಿಸಿಲು ಒಂದೇ, ನಮ್ಮಲ್ಲಿ ಆ ಮಾತು ಇನ್ನೂ ಶುರುವಾಗಬೇಕು. ಮಾರ್ಚಿನಲ್ಲಿ ಒಂದು ಸಲ ಚಾವಣಿಗೆ ದಪ್ಪಗೆ ಸುಣ್ಣ ಬಳಿಯಲು ಹೆಚ್ಚೆಂದರೆ ಒಂದು ಸಿಲಿಂಡರಿನ ದುಡ್ಡು ಹಿಡಿಯುತ್ತದೆ. ಮಳೆಗೆ ತೊಳೆದುಹೋಗುವ ಹೊತ್ತಿಗೆ ಬೇಸಿಗೆಯೂ ಮುಗಿದಿರುತ್ತದೆ.